ಕ್ಯಾಮೆರಾದ ಕೀಲಿ ಯಾರ ಕೈಯಲ್ಲಿ?

(ಹೈದರಾಬಾದಿನ ನಮ್ಮ ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ವಿಚಾರಕ್ಕೆ ಎತ್ತಿಕೊಂಡಿರುವ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಸಭೆಯಲ್ಲಿ, ನಾಟಕದಲ್ಲಿ, ಸಿನಿಮಾ ಮಂದಿರದಲ್ಲಿ ಕುಳಿತವರ ಮೊಬೈಲಿನ ಕ್ಯಾಮೆರಾವನ್ನು ದೂರದಿಂದಲೇ ಯಂತ್ರವೊಂದು ಮುಚ್ಚಿಬಿಡಬಹುದೆ? ಮುಚ್ಚುವುದಾದರೆ ಆ ಅಧಿಕಾರ ಯಾರದಾಗಿರಬೇಕು?

ಇದು ಕಟ್ಟುಕತೆಯಲ್ಲ. ಅಮೆರಿಕದ ಆಪಲ್ ಕಂಪನಿಗೆ ಇಂಥ ಏರ್ಪಾಡೊಂದಕ್ಕಾಗಿ 2016ರ ಜೂನ್ 28ರಂದು ಪೇಟೆಂಟ್ ದೊರೆಯಿತು. ಅದರ ಮರ್ಮ ಸುಲಭವಾದುದು. ಟಿ.ವಿ. ರಿಮೋಟಿನಿಂದ ಹೊರಡುವ ಅವಗೆಂಪು ಕಿರಣ ನಮ್ಮ ಕಣ್ಣಿಗೆ ಕಾಣದು. ಆದರೆ ಕತ್ತಲೆಯಲ್ಲಿ ರಿಮೋಟನ್ನು ಫೋನಿನ ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿದರೆ, ಎಷ್ಟೋ ಫೋನುಗಳ ಪರದೆಯ ಮೇಲೆ ಅದು ಮಿನುಗುವುದನ್ನು ನೋಡಬಹುದು. ವೇದಿಕೆಯ ಬಳಿ ಇಂಥ ಕಾಣದ ದೀಪವೊಂದು ಸಂಕೇತ ಕಳಿಸುತ್ತದೆ. ಫೋನು ಅದನ್ನು ಓದಿಕೊಂಡು ಚಿತ್ರ ತೆಗೆಯುವುದನ್ನು ನಿಲ್ಲಿಸುತ್ತದೆ. ಇದೇ ಪೇಟೆಂಟಿನಲ್ಲಿ ಇನ್ನೊಂದು ಉಪಯೋಗವನ್ನೂ ಹೇಳಿದೆ. ವಸ್ತುಸಂಗ್ರಹಾಲಯದಲ್ಲಿ ಕ್ಯಾಮೆರಾವನ್ನು ಒಂದು ವಸ್ತುವಿನತ್ತ ಹಿಡಿದರೆ ಅದರ ವಿವರ ಫೋನಿನಲ್ಲಿ ಮೂಡುತ್ತದೆ. ನಮ್ಮ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಮುಸುಕಿನ ರೆಬೆಕಾಳ ಪ್ರತಿಮೆಯೆದುರು ನಿಂತಾಗ ಅಂಥ ಸೌಕರ್ಯ ಸಿಕ್ಕರೆ ಯಾರು ತಾನೆ ಬೇಡವೆಂದಾರು? ವಿವರ ಕೊಡುವುದೂ ಕಣ್ಣು ಮುಚ್ಚಿಸುವುದೂ ಒಂದೇ ಬೆಳಕು. ಇದನ್ನು ನಾವು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪೇಟೆಂಟ್ ಪಡೆದ ಮಾತ್ರಕ್ಕೆ ವಸ್ತು ಅಂಗಡಿಗೆ ಬಂದಂತಲ್ಲ. ಆದರೆ ಬೇರೆ ದಾರಿಯಿಂದ ಇಂಥ ಕೆಲಸ ನಡೆದೇ ಇದೆ. ದಕ್ಷಿಣ ಕೊರಿಯಾದಲ್ಲಿ 2019ರಿಂದ ಸಾಮಾನ್ಯ ಸೈನಿಕರಿಗೂ ಕೆಲಸ ಮುಗಿದ ಮೇಲೆ ಬಿಡಾರದಲ್ಲಿ ಫೋನು ಬಳಸಲು ಅವಕಾಶ ದೊರೆಯಿತು. ಕ್ಯಾಮೆರಾವನ್ನು ಮುಚ್ಚಿಡುವ ಆ್ಯಪ್ ಅದರಲ್ಲಿರಬೇಕೆಂಬುದು ನಿಯಮ. ಸೈನಿಕನಿಗೆ ಈ ನಿಯಮ ಮುಂಚೆಯೇ ತಿಳಿದಿರುತ್ತದೆ.

ಮುಚ್ಚಬೇಕೆನ್ನುವವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ನಮ್ಮ ಹೈದರಾಬಾದು ತೆಲುಗು ಚಿತ್ರೋದ್ಯಮದ ತವರು. ಸಾವಿರಾರು ಜನರ ದುಡಿಮೆಯಿಂದ ಬಂದ ಚಿತ್ರವನ್ನು ಬಿಡುಗಡೆಯ ದಿನವೇ ಒಬ್ಬನು ಫೋನಿನಲ್ಲಿ ಕದ್ದು ಹಂಚಿದರೆ ಅದು ಅನ್ನ ಕಸಿಯುವ ಕೆಲಸವೇ ಸರಿ. ಅದಕ್ಕಾಗಿಯೇ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯಿದೆ ಬಂದಿದೆ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವನಿಗೆ 3 ತಿಂಗಳಿಂದ 3 ವರ್ಷದವರೆಗೆ ಸೆರೆ. 3 ಲಕ್ಷ ರೂಪಾಯಿಯಿಂದ ಹಿಡಿದು ಚಿತ್ರದ ತಯಾರಿಕಾ ವೆಚ್ಚದ ನೂರಕ್ಕೆ 5ರವರೆಗೆ ದಂಡ.

ತನ್ನ ಚಿತ್ರ ತೆಗೆಯಬೇಡಿರೆಂದು ಹೇಳುವ ಹಕ್ಕೂ ಹೊಸದಲ್ಲ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರು 1892ರಲ್ಲಿ ಈ ಊರಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಗೋಷಾ ಸ್ತ್ರೀಯರಿಗೆಂದೇ ಎತ್ತರದ ಗೋಡೆಗಳ ಆವರಣ. ಒಳಗಿನ ಉಸ್ತುವಾರಿ ಒಬ್ಬ ಆಂಗ್ಲ ಮಹಿಳೆಯದು. ಯಾರ ಕಣ್ಣಿಗೆ ಕಾಣಬೇಕು, ಯಾರ ಕಣ್ಣಿಗೆ ಕಾಣಬಾರದು ಎಂಬ ವಿಚಾರಕ್ಕೆ ಅಲ್ಲಿ ಮನ್ನಣೆಯಿತ್ತು. ಗೋಡೆ ಎಲ್ಲರಿಗೂ ಕಾಣುವಂತಿತ್ತು. ಕಾಣದ ಕಿರಣಕ್ಕೂ ಕಾಣುವ ಗೋಡೆಗೂ ಇರುವ ಅಂತರ ಇದೇ.

ಈಗ ಇನ್ನೊಂದು ಪಕ್ಕವನ್ನು ನೋಡೋಣ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನು ಪೊಲೀಸನ ಮೊಣಕಾಲಡಿ ಸತ್ತನು. ಪೊಲೀಸರ ಮೊದಲ ಹೇಳಿಕೆಯಲ್ಲಿ ಮೊಣಕಾಲಿನ ಮಾತೇ ಇರಲಿಲ್ಲ. ಆತನಿಗೆ ಆರೋಗ್ಯ ಕೆಟ್ಟಂತೆ ಬರೆದಿತ್ತು. ದಾರಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ತೆಗೆದ ಚಿತ್ರದಿಂದ ಲೋಕಕ್ಕೆ ನಿಜ ತಿಳಿಯಿತು. 2021ರಲ್ಲಿ ಆ ಪೊಲೀಸನು ಅಪರಾಧಿಯೆಂದು ತೀರ್ಮಾನವಾಯಿತು. ಆ ಸಂಜೆ ಅಲ್ಲಿ ಕಾಣದ ದೀಪವೊಂದು ಉರಿಯುತ್ತಿದ್ದರೆ?

ದೂರದ ಮಾತು ಹಾಗಿರಲಿ. ನಮ್ಮ ದೇಶದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಪೊಲೀಸರು ಶೋಧನೆ, ಜಪ್ತಿ ನಡೆಸುವಾಗ ಅದನ್ನೆಲ್ಲ ದೃಶ್ಯ ಶ್ರವ್ಯವಾಗಿ ದಾಖಲಿಸಬೇಕು, ಸಾಧ್ಯವಾದಮಟ್ಟಿಗೆ ಮೊಬೈಲಿನಲ್ಲಿಯೇ, ಎಂದು ಅದರ 105ನೆಯ ಕಲಮು ಹೇಳುತ್ತದೆ. ಮೊಬೈಲಿನ ಕಣ್ಣು ಒಳ್ಳೆಯ ಸಾಕ್ಷಿಯೆಂದು ಕಾನೂನೇ ಒಪ್ಪಿದಂತಾಯಿತು. ಹಾಗಿದ್ದ ಮೇಲೆ ಪ್ರಜೆಯ ಕೈಯಲ್ಲಿರುವ ಸಾಕ್ಷಿಯ ಬಾಯಿ ಕಟ್ಟುವುದು ಹೇಗೆ ಸರಿಯಾದೀತು?

ಇತ್ತ ನಮ್ಮ ಊರಿನಲ್ಲಿ ನಮ್ಮನ್ನು ನೋಡುವ ಕಣ್ಣುಗಳೇನೂ ಕಡಿಮೆಯಿಲ್ಲ. 2022ರ ಆಗಸ್ಟ್ 4ರಂದು ಬಂಜಾರಾ ಹಿಲ್ಸಿನಲ್ಲಿ ಪೊಲೀಸರ ನಿಯಂತ್ರಣ ಕೇಂದ್ರ ಆರಂಭವಾಯಿತು. ನಗರದ ಬೀದಿಗಳ ಕ್ಯಾಮೆರಾಗಳು ಅಲ್ಲಿಗೆ ಜೋಡಣೆಯಾಗಿವೆ. ಮುಖ ಗುರುತಿಸುವ ಯಂತ್ರದ ವಿರುದ್ಧ ನಗರದ ಕಾರ್ಯಕರ್ತರೊಬ್ಬರು ಸಲ್ಲಿಸಿದ ಅರ್ಜಿಯ ಮೇಲೆ ತೆಲಂಗಾಣ ಹೈಕೋರ್ಟು 2022ರ ಜನವರಿಯಲ್ಲಿ ಸರ್ಕಾರಕ್ಕೆ ನೋಟೀಸು ಕೊಟ್ಟಿತು. ಕಳ್ಳನನ್ನು ಹಿಡಿಯಲು, ಕಳೆದುಹೋದ ಮಗುವನ್ನು ಹುಡುಕಲು ಬೀದಿಯ ಕ್ಯಾಮೆರಾ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಳುವವರ ಕಣ್ಣು ಸದಾ ತೆರೆದಿದ್ದು, ಆಳಿಸಿಕೊಳ್ಳುವವರ ಕಣ್ಣು ಮಾತ್ರ ಬೇಕೆಂದಾಗ ಮುಚ್ಚುವುದಾದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಹಾಗಾದರೆ ಮಾರ್ಗವೇನು? ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮಗೆ ದಾರಿ ತೋರುತ್ತದೆ. ಇಂಟರ್‌ನೆಟ್ ನಿಲ್ಲಿಸುವ ಆಜ್ಞೆಗಳನ್ನು ಸರ್ಕಾರ ಪ್ರಕಟಿಸಬೇಕು, ಜನ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಬೇಕು, ನಿರ್ಬಂಧ ಅಗತ್ಯ ಮೀರಬಾರದು ಎಂಬುದು ಅದರ ಸಾರ. ಕ್ಯಾಮೆರಾ ಮುಚ್ಚುವ ಯಂತ್ರ ಮುಂದೆಂದಾದರೂ ಬಂದರೆ ಇದೇ ಅಳತೆಗೋಲು ಅದಕ್ಕೂ ಇರಲಿ. ಮುಚ್ಚಿದವರು ಯಾರು, ಏತಕ್ಕೆ, ಎಷ್ಟು ಹೊತ್ತು ಎಂಬುದು ಫೋನಿನ ಒಡೆಯನಿಗೆ ತಿಳಿಯಬೇಕು. ನಾಲ್ಕು ಗೋಡೆಯೊಳಗಿನ ಪ್ರದರ್ಶನಕ್ಕೆ ಒಪ್ಪಬಹುದಾದದ್ದನ್ನು ಬೀದಿಗೆ, ಮೆರವಣಿಗೆಗೆ, ಪೊಲೀಸ್ ಠಾಣೆಗೆ ಒಯ್ಯಕೂಡದು.

ನಮ್ಮ ಸಂಘದ ನಾಟಕಗಳಿಗೂ ಈ ಮಾತು ಅನ್ವಯಿಸುತ್ತದೆ. ಮುಂದಿನ ಸಾಲಿನವರು ಫೋನು ಎತ್ತಿ ಹಿಡಿದರೆ ಹಿಂದೆ ಕುಳಿತ ಅಜ್ಜಿಗೆ ರಂಗವೇ ಕಾಣದು; ಪರದೆಯ ಬೆಳಕು ನಟನ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಯಂತ್ರವೇಕೆ? ಬಾಗಿಲಲ್ಲಿ ಒಂದು ಫಲಕ, ಪರದೆ ಏಳುವ ಮುನ್ನ ಎರಡು ಮಾತು, ನಾಟಕ ಮುಗಿದ ಮೇಲೆ ಪಾತ್ರಧಾರಿಗಳೊಡನೆ ಚಿತ್ರ ತೆಗೆಸಿಕೊಳ್ಳಲು ಹತ್ತು ನಿಮಿಷ. ಇಷ್ಟು ಮಾಡಿದರೆ ಬಹುಮಂದಿ ತಾವಾಗಿಯೇ ಫೋನನ್ನು ಜೇಬಿಗೆ ಸೇರಿಸುತ್ತಾರೆ. ಮರೆತವರಿಗೆ ಪಕ್ಕದವರು ಮೆಲ್ಲಗೆ ನೆನಪು ಮಾಡಬಹುದು.

ಕೇಳಿಕೊಂಡಾಗ ಮುಚ್ಚುವುದು ಸಭ್ಯತೆ. ನಮಗೆ ತಿಳಿಯದಂತೆ ಮುಚ್ಚಿಸುವುದು ದಬ್ಬಾಳಿಕೆ. ಕೀಲಿ ನಮ್ಮ ಕೈಯಲ್ಲಿಯೇ ಉಳಿಯಬೇಕಾದರೆ, ಮುಚ್ಚಬೇಕಾದ ಜಾಗದಲ್ಲಿ ಮುಚ್ಚುವ ವಿವೇಕವನ್ನು ನಾವೇ ತೋರಿಸಬೇಕು. ಈ ಎರಡನ್ನೂ ಕೂಡಿಯೇ ನೆನೆಯಬೇಕೆಂದು ನಮ್ಮ ಅರಿಕೆ.