ಅಂಕಿತ ಅಳಿಯದಿರಲಿ
(ಕೌದಳ್ಳಿಯ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈಗಿನ ಪತ್ರಿಕೆ, ಟಿ.ವಿ. ಸಂಸ್ಥೆಗಳಲ್ಲಿ 'ಡೇಟಾ' ನೋಡಿಕೊಳ್ಳಲೆಂದೇ ಎಂಜಿನಿಯರುಗಳಿರುತ್ತಾರೆ. ಸುದ್ದಿ ಎಲ್ಲಿಂದ ಬಂತು, ಎಲ್ಲಿಟ್ಟಿದೆ, ತಿದ್ದುವ ಅಧಿಕಾರ ಯಾರದು ಎಂದು ಗೊತ್ತುಮಾಡುವುದೇ ಅವರ ಕಾಯಕ. ಈ ಕಾಯಕ ನಮಗೆ ಹೊಸದಲ್ಲ.

ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರ ಸಾರ' ಹೊರಬಂತು. ಮನೆ ಮಾರಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. 1926ರಲ್ಲಿ 'ಶಿವಾನುಭವ', ಮರುವರ್ಷ 'ನವಕರ್ನಾಟಕ' ಪತ್ರಿಕೆ ನಡೆಸಿದರು. ಚದುರಿದ ಗರಿಗಳಲ್ಲಿ ಯಾವ ವಚನ ಯಾರದೆಂದು ಹೇಳಿದ್ದು ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು, ಮಾರಯ್ಯಪ್ರಿಯ ಅಮಲೇಶ್ವರಲಿಂಗ ಎಂದರೆ ಆಯ್ದಕ್ಕಿ ಲಕ್ಕಮ್ಮ.

ಇಂದು ವಾಟ್ಸಾಪಿನಲ್ಲಿ ಅಂಕಿತ ಕತ್ತರಿಸಿದ ವಚನಗಳು ಓಡಾಡುತ್ತಿವೆ. ಹೆಸರಿಲ್ಲದ್ದಕ್ಕೆಲ್ಲ ಬಸವಣ್ಣನವರ ಚಿತ್ರ ಅಂಟಿಸುತ್ತೇವೆ. ಇದರಿಂದ ಬಸವಣ್ಣ ಕಳೆದುಹೋಗುವುದಿಲ್ಲ; ಕಳೆದುಹೋಗುವವಳು ಅಕ್ಕಿ ಆಯ್ದ ಲಕ್ಕಮ್ಮ. ಕಾಯಕಜೀವಿಗಳಿಗೆ ಬಾಯಿ ಕೊಟ್ಟ ಧರ್ಮದಲ್ಲಿ ಅವರ ಹೆಸರೇ ಮೊದಲು ಅಳಿಯಬೇಕೆ?

ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದ ಪುಸ್ತಕವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಕ್ತಿಯಿಂದ ತಿದ್ದಿದರೂ ತಿದ್ದಿದ್ದೇ. ಅರ್ಥ ಬೇರೆಯೆನಿಸಿದರೆ ಟಿಪ್ಪಣಿ ಬರೆಯಿರಿ, ಮೂಲ ಮುಟ್ಟಬೇಡಿ.

ನಾನು ದುಡಿದ ಸರ್ಕಾರಿ ಕಾಮಗಾರಿಗಳಲ್ಲಿ ಅಳತೆ ಪುಸ್ತಕ, ಅಂದರೆ ಎಂ.ಬಿ. ಇರುತ್ತದೆ. ಪುಟಕ್ಕೆ ನಂಬರು ಇರುತ್ತದೆ, ಹಾಳೆ ಹರಿಯುವಂತಿಲ್ಲ. ತಪ್ಪಿದ್ದರೆ ಉಜ್ಜಿ ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಬೇಕು. ಹಳೆಯದೂ ಕಾಣಬೇಕು, ಹೊಸದೂ ಕಾಣಬೇಕು. ವಚನಕ್ಕೂ ಇದೇ ನಿಯಮ ಸಾಕು.

ಮಾದಪ್ಪನ ಬೆಟ್ಟದ ದಾರಿಯಲ್ಲಿರುವ ನಮಗೆ ಇನ್ನೊಂದು ಹೊಣೆಯಿದೆ. ದೇವರಗುಡ್ಡರು ಹಾಡುವ ಮಾದೇಶ್ವರನ ಕಥೆ ಮೇಳದಿಂದ ಮೇಳಕ್ಕೆ ಬದಲಾಗುತ್ತದೆ. ಅಲ್ಲಿ ಒಂದೇ ಪಾಠ ಸರಿ, ಉಳಿದದ್ದು ತಪ್ಪು ಎನ್ನಲಾಗದು. ಹಾಡಿದವರು ಯಾರು, ಯಾವೂರು, ಯಾವ ದಿನ ಎಂದು ಬರೆದು, ಎಲ್ಲವನ್ನೂ ಇಡಬೇಕು. ಅವರ ಒಪ್ಪಿಗೆಯಿಲ್ಲದೆ ಹಂಚಬಾರದು.

ಕೆಲಸ ದೊಡ್ಡದಲ್ಲ. ಪ್ರತಿ ಮಠದಲ್ಲಿ ಒಂದು ದಫ್ತರು ತೆರೆಯಿರಿ. ಮನೆಯ ಅಟ್ಟದಲ್ಲಿರುವ ಗರಿ, ಹಳೆಯ ಪುಸ್ತಕಗಳನ್ನು ಅದರಲ್ಲಿ ದಾಖಲಿಸಿ. ವಸ್ತು ಮನೆಯಲ್ಲೇ ಇರಲಿ. ಓದುವ ಮಕ್ಕಳು ಕಂಪ್ಯೂಟರಿಗೆ ಏರಿಸಲಿ. ವಚನ ಕಳಿಸುವಾಗ ಅಂಕಿತ, ಶರಣರ ಹೆಸರು, ತೆಗೆದುಕೊಂಡ ಪುಸ್ತಕ, ಈ ಮೂರೂ ಇರಲಿ. ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.