ಜೀವಕೋಶದ ಡಂಗುರ

ಶೀತಜ್ವರ ಬಂದಾಗ ಮೈಕೈ ಮುರಿದಂತಾಗುತ್ತದೆ. ಚಳಿ ಹತ್ತುತ್ತದೆ, ಊಟ ಸೇರದು. ಇದೆಲ್ಲ ವೈರಸ್ಸಿನ ಹಾವಳಿಯೆಂದೇ ನಾವು ಬಗೆಯುತ್ತೇವೆ. ಆದರೆ ಇದರಲ್ಲಿ ಒಂದು ಪಾಲು ನಮ್ಮ ದೇಹವೇ ಎಬ್ಬಿಸಿದ ಗದ್ದಲ. ಅದನ್ನು ಎಬ್ಬಿಸುವ ಸಸಾರಜನಕಗಳಲ್ಲಿ ಮುಖ್ಯವಾದುದು ಇಂಟರ್‌ಫೆರಾನ್.

1957ರಲ್ಲಿ ಲಂಡನ್ನಿನ ಮಿಲ್ ಹಿಲ್ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಎಂಬವರು ಕಾಯಿಸಿ ನಿರ್ವೀರ್ಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಕೋಳಿಮೊಟ್ಟೆಯ ಒಳಪೊರೆಯ ಚೂರುಗಳೊಡನೆ ಇಟ್ಟರು. ಅನಂತರ ಜೀವಂತ ವೈರಸ್ಸನ್ನು ಬಿಟ್ಟರೂ ಅದು ಆ ಪೊರೆಯಲ್ಲಿ ಬೆಳೆಯಲಿಲ್ಲ. ಇಂಥ ತಡೆ ಮೊದಲೇ ತಿಳಿದಿದ್ದ ಸಂಗತಿ. ಹೊಸದೇನೆಂದರೆ, ಪೊರೆ ನೆನೆದಿದ್ದ ದ್ರವವನ್ನಷ್ಟೇ ತೆಗೆದು ಬೇರೊಂದು ಹೊಸ ಪೊರೆಗೆ ಹಾಕಿದಾಗ ಅದಕ್ಕೂ ರಕ್ಷಣೆ ದೊರೆಯಿತು! ಹಾಗಾದರೆ ಜೀವಕೋಶಗಳೇ ಏನನ್ನೋ ಹೊರಕ್ಕೆ ಸುರಿಸಿರಬೇಕಷ್ಟೆ.

ಅಡ್ಡಬರುವಂಥದು ಎಂಬರ್ಥದಲ್ಲಿ ಅದಕ್ಕೆ ಹೆಸರಿಟ್ಟರು. ಪದಗಳ ಗೀಳಿನ ಕನ್ನಡ ಪಂಡಿತನಾದ ನನಗೆ ಈ ಹೆಸರು ಅಷ್ಟು ಒಪ್ಪದು. ಅದು ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ, ಡಂಗುರ ಸಾರುತ್ತದೆ. ವೈರಸ್ ಹೊಕ್ಕ ಕೋಶ ತಾನು ಉಳಿಯದಿದ್ದರೂ ನೆರೆಯ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಕೇಳಿದ ಕೋಶಗಳಲ್ಲಿ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ. ಕೆಲವು ವೈರಸ್ಸಿನ ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವಗಳಿಗೆ ದಾರಿಮಾಡುತ್ತವೆ. ಕೆಲವು ಸಸಾರಜನಕದ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಅತ್ತ ಬಿಳಿಯ ರಕ್ತಕಣಗಳೂ ಚುರುಕಾಗುತ್ತವೆ.

ಗದ್ದಲಕ್ಕೆ ಬೆಲೆಯುಂಟು. 1980ರಲ್ಲಿ ಬ್ಯಾಕ್ಟೀರಿಯಾಗಳಿಂದ ಇದನ್ನು ತಯಾರಿಸುವ ಬಗೆ ಸಿದ್ಧಿಸಿದ ಮೇಲೆ ಇದು ಔಷಧವಾಯಿತು. ಯಕೃತ್ತಿನ ಹೆಪಟೈಟಿಸ್ ಸಿ ರೋಗಕ್ಕೆ ಇದರ ಚುಚ್ಚುಮದ್ದು ಪಡೆದವರಿಗೆ ಶೀತವಿಲ್ಲದೆಯೇ ಶೀತಜ್ವರದ ಚಳಿ, ಮೈನೋವು, ಕೆಲವರಿಗೆ ಮನಸ್ಸಿನ ಖಿನ್ನತೆ. ಲೂಪಸ್ ಎಂಬ ವ್ಯಾಧಿಯಲ್ಲಿ ಎಷ್ಟೋ ರೋಗಿಗಳಿಗೆ ಡಂಗುರ ನಿಲ್ಲುವುದೇ ಇಲ್ಲ. ಅದು ಕೇಳಿಸದಂತೆ ಕೋಶಗಳ ಕಿವಿ ಮುಚ್ಚುವ ಮದ್ದಿಗೆ 2021ರಲ್ಲಿ ಅಮೆರಿಕೆಯಲ್ಲಿ ಮಂಜೂರಾತಿ ದೊರೆಯಿತು.

ಡಂಗುರವೇ ಕೇಳದಿದ್ದರೆ? ಕೋವಿಡ್ ವರ್ಷವಾದ 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪ್ರಾಣಾಪಾಯದ ಸ್ಥಿತಿ ಮುಟ್ಟಿದ್ದ 987 ರೋಗಿಗಳ ಪೈಕಿ 101 ಜನರ ರಕ್ತದಲ್ಲಿ ತಮ್ಮ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳು ಕಂಡವು. ಅವರಲ್ಲಿ 95 ಮಂದಿ ಗಂಡಸರು. ಸೋಂಕು ತಗಲಿಯೂ ಹಗುರವಾಗಿ ಪಾರಾದ 663 ಮಂದಿಯ ರಕ್ತವನ್ನು ಪರೀಕ್ಷಿಸಿದರೆ, ಅಂಥ ಪ್ರತಿಕಾಯ ಒಬ್ಬರಲ್ಲಿಯೂ ಇರಲಿಲ್ಲ.