ಹೊಳೆಯ ಮೀನಿಗೂ ಬೀಜ ಉಳಿಸೋಣ



ಜೋಳದ ರಾಶಿಯಾದಾಗ ಬೀಜದ ಕಾಳನ್ನು ಬೇರೆ ತೆಗೆದಿಟ್ಟು ಉಳಿದುದನ್ನು ಉಣ್ಣುವುದು ನಮ್ಮ ಹಿರಿಯರ ರೂಢಿ. ಬೀಜವನ್ನೇ ಉಂಡವನು ಮುಂದೆ ಏನು ಬಿತ್ತಾನು? ಹೊಳೆಯ ಮೀನಿಗೂ ಇದೇ ಮಾತು ಸಲ್ಲುತ್ತದೆ.

ಚಿಕ್ಕೋಡಿ, ನಿಪ್ಪಾಣಿಯ ಕಡೆಗೆ ದೂಧಗಂಗಾ, ವೇದಗಂಗಾ ಹರಿಯುತ್ತವೆ. ರಾಯಬಾಗ, ಅಥಣಿ, ಕಾಗವಾಡಗಳಿಗೆ ಕೃಷ್ಣೆಯೇ ತಾಯಿ. ಮಹಸೀರ, ಕೆಮ್ಮೀನು, ಬಾಳೆಮೀನು ಈ ನೀರಿನ ಮೂಲದ ಮೀನುಗಳು. ತಿಲಾಪಿಯಾ ಹಾಗಲ್ಲ; ಅದು 1952ರಲ್ಲಿ ಪರದೇಶದಿಂದ ಭಾರತಕ್ಕೆ ಬಂದದ್ದು.

ಮುಂಗಾರಿನ ಹೊಸ ನೀರು ಬಂದೊಡನೆ ಅನೇಕ ಜಾತಿಯ ಮೀನುಗಳು ತತ್ತಿ ಹೊತ್ತುಕೊಂಡು ಸೆಳವಿಗೆ ಎದುರಾಗಿ ಮೇಲಕ್ಕೆ ಹೋಗುತ್ತವೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆಳವಾದ ಮಡುಗಳಲ್ಲಿ ಜೀವ ಹಿಡಿದಿರುತ್ತವೆ. ಈ ಎರಡು ಕಾಲದಲ್ಲಿ ಕಾಪಾಡಿದರೆ ಬೀಜ ಉಳಿಯಿತೆಂದೇ ತಿಳಿಯಿರಿ. ಅದಕ್ಕಾಗಿ ಊರವರು ಮಾಡತಕ್ಕ ಕೆಲಸಗಳು ಇವು:

1. ಊರ ಸೀಮೆಯ ಒಂದು ಆಳವಾದ ಮಡುವನ್ನು ಗೊತ್ತುಮಾಡಿ, ಅದರಲ್ಲಿ ಬಲೆ ಹಾಕದಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಮೀನು ಹಿಡಿದು ಬದುಕುವ ಅಂಬಿಗರನ್ನು ಮೊದಲು ಕೇಳಿರಿ. ಮಡುವಿನ ಗುಟ್ಟು ಅವರಿಗೆ ಗೊತ್ತು.

2. ಜೂನ್‌ದಿಂದ ಆಗಸ್ಟ್‌ವರೆಗೆ ತತ್ತಿ ತುಂಬಿದ ಮೀನನ್ನು ಹಿಡಿಯಬೇಡಿರಿ. ಸಣ್ಣ ಕಣ್ಣಿನ ಬಲೆ ಬಿಡಿರಿ.

3. ಕಬ್ಬಿಗೆ, ತಂಬಾಕಿಗೆ ಔಷಧ ಹೊಡೆದ ಪಂಪನ್ನು ಹೊಳೆಯಲ್ಲಿ ತೊಳೆಯಬೇಡಿರಿ. ಆ ನೀರು ಮರಿಗಳಿಗೆ ವಿಷ. ಅದೇ ಹೊಳೆಯ ನೀರನ್ನು ನಿಮ್ಮ ದನಗಳೂ ಕುಡಿಯುತ್ತವೆ.

4. ಆಫ್ರಿಕದ ಮಾಗುರ ಮೀನನ್ನು ಸಾಕಬೇಡಿರಿ. ಕೇಂದ್ರ ಸರಕಾರ 2000ದಲ್ಲಿಯೇ ಅದನ್ನು ನಿಷೇಧಿಸಿದೆ. 2005 ಮತ್ತು 2019ರ ಮಹಾಪೂರಗಳನ್ನು ನೀವು ಕಂಡಿದ್ದೀರಿ. ಅಂಥ ನೀರು ಹೊಂಡಕ್ಕೆ ನುಗ್ಗಿದರೆ ಈ ಮೀನು ಹೊಳೆ ಸೇರಿ ನಾಡಮೀನನ್ನು ನುಂಗುತ್ತದೆ.

5. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧ. ಕಂಡವರು ಸುಮ್ಮನಿರಬಾರದು.

ಇದು ಆಗುವ ಮಾತೇ ಎಂದು ಕೇಳುವಿರಾ? ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಯ ಮಹಸೀರಗಳನ್ನು ದೇವರ ಮೀನೆಂದು ಜನ ಕಾಯುತ್ತಾ ಬಂದಿದ್ದಾರೆ. 1996ರಲ್ಲಿ ಯಾರೋ ವಿಷ ಹಾಕಿ ಬಹಳ ಮೀನು ಸತ್ತವು. ಊರವರು ಎದೆಗುಂದದೆ ಮತ್ತೆ ಕಾದರು. ಮಡುವಿನಲ್ಲಿ ಮತ್ತೆ ಮೀನು ತುಂಬಿದವು. ಊರ ಕಟ್ಟಳೆಯೇ ಅಲ್ಲಿಯ ಕಾವಲುಗಾರ.

ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಹೊಳೆಯಲ್ಲಿ ಯಾವ ಮೀನು ಇದೆ, ಯಾವುದು ಕಾಣೆಯಾಗಿದೆ ಎಂಬುದನ್ನು ಹಿರಿಯರಿಂದ ಕೇಳಿ ಆ ಸಮಿತಿಯ ದಾಖಲೆಯಲ್ಲಿ ಬರೆಯಿಸಿರಿ. ಲೆಕ್ಕವಿಲ್ಲದೆ ಯೋಜನೆಯಿಲ್ಲ.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ಬರುವಾಗ ಒಂದು ಮಡುವಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿರಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.